ಹಿರಿಯರ ಉದ್ಯೋಗ ಯೋಜನೆ: ಸಾಧನಾ ವರದಿ ಸಿದ್ಧಪಡಿಸುವುದು ಹೇಗೆ?

ಅಮೆರಿಕದಲ್ಲಿ 55 ವರ್ಷ ತುಂಬಿದ, ಕೆಲಸವಿಲ್ಲದ, ಕುಟುಂಬದ ಆದಾಯವು ಬಡತನ ರೇಖೆಯ ಶೇ 125ನ್ನು ಮೀರದ ಹಿರಿಯರಿಗಾಗಿ ‘ಸೀನಿಯರ್ ಕಮ್ಯುನಿಟಿ ಸರ್ವೀಸ್ ಎಂಪ್ಲಾಯ್‌ಮೆಂಟ್ ಪ್ರೋಗ್ರಾಂ’ ಎಂಬ ಯೋಜನೆಯಿದೆ. 1965ರ ಓಲ್ಡರ್ ಅಮೆರಿಕನ್ಸ್ ಕಾಯ್ದೆಯ ಐದನೇ ಅಧ್ಯಾಯದಡಿ ಅಲ್ಲಿನ ಕಾರ್ಮಿಕ ಇಲಾಖೆ ಇದಕ್ಕೆ ಅನುದಾನ ನೀಡುತ್ತದೆ. ಫಲಾನುಭವಿಗಳು ಗ್ರಂಥಾಲಯ, ಶಾಲೆ, ಹಿರಿಯರ ಕೇಂದ್ರದಂತಹ ಕಡೆ ವಾರಕ್ಕೆ ಸರಾಸರಿ 20 ಗಂಟೆ ದುಡಿದು ಕನಿಷ್ಠ ವೇತನ ಪಡೆಯುತ್ತಾರೆ. ದುಡಿಯುತ್ತಲೇ ಕೆಲಸ ಕಲಿತು, ಮುಂದೆ ಸಹಾಯಧನದ ಹಂಗಿಲ್ಲದ ನೌಕರಿಗೆ ಸೇರಬೇಕೆಂಬುದು ಯೋಜನೆಯ ಆಶಯ. ಈ ಆಶಯ ಎಷ್ಟರಮಟ್ಟಿಗೆ ಈಡೇರಿತು ಎಂಬುದನ್ನು ಅನುದಾನ ಪಡೆದ ಪ್ರತಿ ಸಂಸ್ಥೆಯೂ ಲೆಕ್ಕ ಸಮೇತ ಒಪ್ಪಿಸಬೇಕು. ಇಂತಹ ಸೇವಾ ಸಂಸ್ಥೆಗಳಲ್ಲಿ ಈಚೆಗೆ ಕೆಲಸಕ್ಕೆ ಸೇರಿದವರಿಗೆ, ಅಲ್ಲಿ ನೆಲೆಸಿರುವ ಕನ್ನಡಿಗರೂ ಸೇರಿದಂತೆ, ವರದಿಯ ಕ್ರಮವನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಮೊದಲು ಅಳತೆಗಳನ್ನು ತಿಳಿದುಕೊಳ್ಳಿ. 2016ರಲ್ಲಿ ಕಾಯ್ದೆ ತಿದ್ದುಪಡಿಯಾದ ನಂತರ, 2018ರ ಜುಲೈನಿಂದ ಈಗಿನ ಮಾನದಂಡಗಳು ಜಾರಿಯಲ್ಲಿವೆ. ಸಮುದಾಯ ಸೇವೆಯ ಒಟ್ಟು ಗಂಟೆಗಳು, ಯೋಜನೆಯಿಂದ ಹೊರಬಂದ ನಂತರದ ಎರಡನೇ ಮತ್ತು ನಾಲ್ಕನೇ ತ್ರೈಮಾಸಿಕಗಳಲ್ಲಿ ನೌಕರಿಯಲ್ಲಿರುವವರ ಪ್ರಮಾಣ, ಎರಡನೇ ತ್ರೈಮಾಸಿಕದ ಗಳಿಕೆಯ ಮಧ್ಯಾಂಕ, ಸೇವೆ ಪಡೆದವರ ಸಂಖ್ಯೆ, ಅತಿ ಹೆಚ್ಚು ಅಗತ್ಯವಿರುವವರಿಗೆ ಸಿಕ್ಕ ಸೇವೆ ಮತ್ತು ಫಲಾನುಭವಿಗಳು, ಅವರು ದುಡಿಯುವ ಆತಿಥೇಯ ಸಂಸ್ಥೆಗಳು, ಉದ್ಯೋಗದಾತರ ತೃಪ್ತಿ ಇವೇ ಮುಖ್ಯ ಅಳತೆಗಳು. ಯೋಜನಾ ವರ್ಷ ಜುಲೈ 1ರಿಂದ ಜೂನ್ 30ರವರೆಗೆ ಇರುತ್ತದೆ. ಆದ್ದರಿಂದ ಜುಲೈ–ಸೆಪ್ಟೆಂಬರ್ ಅವಧಿಯೇ ಮೊದಲ ತ್ರೈಮಾಸಿಕ.

ಎರಡನೆಯ ಹಂತ ನೋಂದಣಿ. ವರದಿಯ ಮುಕ್ಕಾಲು ಪಾಲು ಇಲ್ಲಿಯೇ ಸಿದ್ಧವಾಗುತ್ತದೆ ಎಂದರೆ ಅತಿಶಯೋಕ್ತಿಯಲ್ಲ. ವಯಸ್ಸಿಗೂ ಆದಾಯಕ್ಕೂ ದಾಖಲೆ ಪಡೆದು ಕಡತದಲ್ಲಿ ಇಡಬೇಕು. ಅರ್ಜಿ ಸಲ್ಲಿಸಿದ ದಿನಕ್ಕೆ ಹಿಂದಿನ 12 ತಿಂಗಳ ಆದಾಯವನ್ನಾಗಲಿ, ಹಿಂದಿನ ಆರು ತಿಂಗಳ ಆದಾಯವನ್ನು ವರ್ಷಕ್ಕೆ ಲೆಕ್ಕ ಹಾಕಿಯಾಗಲಿ ಪರಿಗಣಿಸಲು ಅವಕಾಶವಿದೆ. ನಿರುದ್ಯೋಗ ಭತ್ಯೆಯನ್ನು ಆದಾಯಕ್ಕೆ ಸೇರಿಸುವಂತಿಲ್ಲ. ಸೋಷಿಯಲ್ ಸೆಕ್ಯುರಿಟಿ ಪಿಂಚಣಿಯಲ್ಲಿಯೂ ಶೇ 25ರಷ್ಟನ್ನು ಬಿಟ್ಟೇ ಲೆಕ್ಕ ಹಾಕಬೇಕು. ಈ ವಿನಾಯಿತಿಗಳನ್ನು ಮರೆತರೆ ಅರ್ಹರಾದ ಹಿರಿಯರು ಬಾಗಿಲಿನಿಂದಲೇ ಹಿಂದಿರುಗಬೇಕಾಗುತ್ತದೆ. ಅರ್ಹತೆಯನ್ನು 12 ತಿಂಗಳಿಗೊಮ್ಮೆಯಾದರೂ ಮರುಪರಿಶೀಲಿಸುವುದು ಕಡ್ಡಾಯ.

ನೋಂದಣಿಯ ದಿನವೇ ದಾಖಲಾಗಬೇಕಾದ ಇನ್ನೊಂದು ಸಂಗತಿ ಕೆಲಸ ಸಿಗಲು ಫಲಾನುಭವಿಗಿರುವ ತೊಡಕುಗಳು. 75 ವರ್ಷ ತುಂಬಿರುವುದು, ಅಂಗವೈಕಲ್ಯ, ಇಂಗ್ಲಿಷ್ ಸರಿಯಾಗಿ ಬಾರದಿರುವುದು, ಓದು–ಬರಹದ ಕೊರತೆ, ಗ್ರಾಮೀಣ ವಾಸ, ವಸತಿಹೀನತೆ ಅಥವಾ ಮನೆ ಕಳೆದುಕೊಳ್ಳುವ ಭೀತಿ, ಸೇನೆಯಲ್ಲಿ ಸೇವೆ ಸಲ್ಲಿಸಿದ ಹಿನ್ನೆಲೆ ಮುಂತಾದವು ಈ ಪಟ್ಟಿಯಲ್ಲಿವೆ. 2020ರ ತಿದ್ದುಪಡಿಯಲ್ಲಿ, ಐದು ವರ್ಷದೊಳಗೆ ಸೆರೆಮನೆಯಿಂದ ಬಿಡುಗಡೆಯಾದವರನ್ನೂ ಸೇರಿಸಲಾಯಿತು. ಉದಾಹರಣೆಗೆ, ಹಳ್ಳಿಯಲ್ಲಿ ವಾಸಿಸುವ, ಇಂಗ್ಲಿಷ್ ಅಷ್ಟಾಗಿ ಬಾರದ 77 ವರ್ಷದ ಮಹಿಳೆಯೊಬ್ಬರಿಗೆ ಮೂರು ತೊಡಕುಗಳು ಲೆಕ್ಕಕ್ಕೆ ಬರುತ್ತವೆ. ಅರ್ಜಿ ತುಂಬಿಸುವವರು ವಯಸ್ಸನ್ನು ಮಾತ್ರ ಗುರುತು ಹಾಕಿ ಉಳಿದ ಚೌಕಗಳನ್ನು ಖಾಲಿ ಬಿಟ್ಟರೆ ಆಕೆಯ ಪಾಲಿಗೆ ಒಂದೇ ಎಂದು ದಾಖಲಾಗುತ್ತದೆ. ಪ್ರತಿ ಫಲಾನುಭವಿಗೆ ಸರಾಸರಿ ಎಷ್ಟು ತೊಡಕುಗಳಿವೆ ಎಂಬುದೇ ಇಲ್ಲಿನ ಅಳತೆಯಾದ್ದರಿಂದ, ಅತ್ಯಂತ ಕಷ್ಟದಲ್ಲಿರುವವರಿಗೆ ದುಡಿದ ಸಂಸ್ಥೆ ಕಾಗದದ ಮೇಲೆ ಹಾಗೆ ಕಾಣುವುದೇ ಇಲ್ಲ. ನೌಕರಿಯ ಪ್ರಮಾಣವೊಂದನ್ನೇ ಅಳೆದರೆ ಸುಲಭವಾಗಿ ಕೆಲಸ ಸಿಗುವವರನ್ನೇ ಆರಿಸಿಕೊಳ್ಳುವ ಪ್ರಲೋಭನೆ ಹುಟ್ಟುತ್ತದೆ; ಅದಕ್ಕೆ ತಡೆಯಾಗಿ ನಿಂತಿರುವ ಈ ಅಳತೆ, ನನ್ನ ಅಭಿಪ್ರಾಯದಲ್ಲಿ, ಇಡೀ ವರದಿಯಲ್ಲಿಯೇ ಹೆಚ್ಚು ಮಾನವೀಯವಾದದ್ದು. ಮನೆಯಿಲ್ಲ, ಓದಲು ಬರುವುದಿಲ್ಲ ಎಂದು ಹೇಳಿಕೊಳ್ಳಲು ಹಿರಿಯರು ಸಂಕೋಚ ಪಡುವುದು ಸಹಜವಾದ್ದರಿಂದ, ಪ್ರಶ್ನೆಯನ್ನು ಏಕಾಂತದಲ್ಲಿ, ಏಕೆ ಕೇಳುತ್ತಿದ್ದೇವೆಂದು ವಿವರಿಸಿ ಕೇಳಬೇಕು.

ಮೂರನೆಯದಾಗಿ, ಗಂಟೆಗಳ ಲೆಕ್ಕ. ಫಲಾನುಭವಿಯೂ ಮೇಲ್ವಿಚಾರಕರೂ ಸಹಿ ಮಾಡಿದ ಟೈಮ್‌ಶೀಟ್‌ನಲ್ಲಿ ಸೇವೆಯ ಗಂಟೆಗಳನ್ನೂ ವೇತನಸಹಿತ ತರಬೇತಿಯ ಗಂಟೆಗಳನ್ನೂ ಬೇರೆ ಬೇರೆಯಾಗಿ ಬರೆಯಬೇಕು. ಅನುದಾನದಿಂದ ನೀಡಬಹುದಾದ ಒಟ್ಟು ಗಂಟೆಗಳಲ್ಲಿ ತರಬೇತಿಯ ಗಂಟೆಗಳನ್ನು ಕಳೆದು, ಉಳಿದದ್ದರಿಂದ ಸೇವೆಯ ಗಂಟೆಗಳನ್ನು ಭಾಗಿಸುವುದರಿಂದ, ಎರಡನ್ನೂ ಕಲಸಿಬಿಟ್ಟರೆ ಫಲಿತಾಂಶವೇ ತಪ್ಪಾಗುತ್ತದೆ. ಸೇವೆ ಪಡೆದವರ ಪ್ರಮಾಣದ ಲೆಕ್ಕ ಸರಳ: ಅವರ ಸಂಖ್ಯೆಯನ್ನು ಮಂಜೂರಾದ ಸ್ಥಾನಗಳ ಸಂಖ್ಯೆಯಿಂದ ಭಾಗಿಸಿದರಾಯಿತು.

ನಾಲ್ಕನೆಯ ಹಂತದಲ್ಲಿ ಎಡವುವವರು ಹೆಚ್ಚು. ಫಲಾನುಭವಿಯೊಬ್ಬರು 2023ರ ಆಗಸ್ಟ್ 20ರಂದು ಯೋಜನೆಯಿಂದ ಹೊರಬಂದರೆನ್ನಿ. ಜುಲೈ–ಸೆಪ್ಟೆಂಬರ್ ಅವರ ನಿರ್ಗಮನದ ತ್ರೈಮಾಸಿಕ. ಅದನ್ನು ಎಣಿಕೆಗೆ ಸೇರಿಸುವಂತಿಲ್ಲ. ಅಕ್ಟೋಬರ್‌ನಿಂದ ಎಣಿಸಿದರೆ ಎರಡನೇ ತ್ರೈಮಾಸಿಕ 2024ರ ಜನವರಿ–ಮಾರ್ಚ್, ನಾಲ್ಕನೆಯದು 2024ರ ಜುಲೈ–ಸೆಪ್ಟೆಂಬರ್ ಆಗುತ್ತದೆ. ಕಡತ ಮುಚ್ಚುವ ದಿನವೇ ಈ ಎರಡೂ ಅವಧಿಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ. ಮೊಬೈಲ್ ಸಂಖ್ಯೆ ಬದಲಾದರೂ ಸಂಪರ್ಕಿಸಲು ಸಾಧ್ಯವಾಗುವಂತೆ ಮಗಳು, ಅಳಿಯ ಅಥವಾ ನೆರೆಮನೆಯವರ ಸಂಖ್ಯೆಯನ್ನೂ ಅವರ ಒಪ್ಪಿಗೆಯಿಂದ ಬರೆದಿಟ್ಟುಕೊಳ್ಳಿ. ಉದ್ಯೋಗದಾತರು ನಿರುದ್ಯೋಗ ವಿಮೆಗಾಗಿ ರಾಜ್ಯಕ್ಕೆ ಸಲ್ಲಿಸುವ ವೇತನ ದಾಖಲೆಗಳಿಂದ ಈ ಅವಧಿಗಳ ಗಳಿಕೆ ತಿಳಿಯುತ್ತದೆ; ಆದರೆ ಅವುಗಳಲ್ಲಿ ಸ್ವಂತ ವೃತ್ತಿ ಮಾಡುವವರ ಗಳಿಕೆ ಕಾಣುವುದಿಲ್ಲ. ಅಂಥವರಿಂದ ಪೂರಕ ದಾಖಲೆ ಪಡೆಯುವುದು ಅಗತ್ಯ. ಮರಣ, ತೀವ್ರ ಅನಾರೋಗ್ಯ ಮುಂತಾದ ಕಾರಣಗಳಿಂದ ಹೊರಹೋದವರನ್ನು ಉದ್ಯೋಗದ ಅಳತೆಗಳಿಂದ ಕೈಬಿಡಲು ನಿಯಮದಲ್ಲಿಯೇ ಅವಕಾಶವಿದೆ, ಆದರೆ ಕಾರಣ ದಾಖಲಾಗಿರಬೇಕು.

ಗಳಿಕೆಗೆ ಸರಾಸರಿಯ ಬದಲು ಮಧ್ಯಾಂಕವನ್ನು ಬಳಸುವುದು ನ್ಯಾಯವಾದದ್ದು. ಐವರಲ್ಲಿ ಒಬ್ಬರಿಗೆ ಮಾತ್ರ ದೊಡ್ಡ ಸಂಬಳ ಸಿಕ್ಕರೂ ಸರಾಸರಿ ಮೇಲೇರುತ್ತದೆ. ಗಳಿಕೆಗಳನ್ನು ಏರಿಕೆಯ ಕ್ರಮದಲ್ಲಿಟ್ಟು ಮೂರನೆಯವರದ್ದನ್ನು ತೆಗೆದುಕೊಂಡರೆ ಹಾಗಾಗುವುದಿಲ್ಲ. ತೃಪ್ತಿಯ ಅಳತೆ ಸಮೀಕ್ಷೆಯ ಮೂಲಕ ನಡೆಯುವುದರಿಂದ ವಿಳಾಸಗಳನ್ನು ಆಗಾಗ ಸರಿಪಡಿಸಿಕೊಂಡರೆ ಸಾಕು.

ಕೊನೆಯದಾಗಿ, ಮಾಹಿತಿಯನ್ನು ಅನುದಾನ ಪಡೆದ ಸಂಸ್ಥೆಗಳ ಸಾಧನೆ ದಾಖಲಿಸುವ ಇಲಾಖೆಯ ‘ಜಿಪಿಎಂಎಸ್’ ಗಣಕ ವ್ಯವಸ್ಥೆಗೆ ತುಂಬಿಸುವಾಗ ಅದನ್ನು ಕಡತದ ಮೂಲ ದಾಖಲೆಯೊಂದಿಗೆ ತಾಳೆ ನೋಡಬೇಕು. ವರ್ಷಾಂತ್ಯದಲ್ಲಿ ಎಲ್ಲ ಮುಖ್ಯ ಅಳತೆಗಳ ಒಟ್ಟು ಸಾಧನೆ ಒಪ್ಪಿದ ಗುರಿಯ ಶೇ 80ಕ್ಕಿಂತ ಕಡಿಮೆಯಾದರೆ ಸಂಸ್ಥೆ ಗುರಿ ತಲುಪಿಲ್ಲವೆಂದು ಅರ್ಥ. ಮೊದಲ ಬಾರಿಗೆ ಹೀಗಾದಾಗ ಇಲಾಖೆ ತಾಂತ್ರಿಕ ನೆರವು ನೀಡುತ್ತದೆ ಮತ್ತು ಸುಧಾರಣಾ ಯೋಜನೆಯನ್ನು ಕೇಳುತ್ತದೆ. ರಾಷ್ಟ್ರಮಟ್ಟದ ಸಂಸ್ಥೆ ಸತತ ನಾಲ್ಕು ವರ್ಷ ವಿಫಲವಾದರೆ ಮುಂದಿನ ಅನುದಾನದ ಸ್ಪರ್ಧೆಯಲ್ಲಿ ಅದಕ್ಕೆ ಅವಕಾಶವಿರುವುದಿಲ್ಲ. ಆದ್ದರಿಂದ ಪ್ರತಿ ತ್ರೈಮಾಸಿಕದ ವರದಿ ಕೈಸೇರಿದ ವಾರವೇ ಯಾವ ಅಳತೆ ಹಿಂದೆ ಬಿದ್ದಿದೆ, ಯಾವ ಕಡತದಲ್ಲಿ ಚೌಕಗಳು ಖಾಲಿಯಿವೆ ಎಂಬುದನ್ನು ಸಿಬ್ಬಂದಿಯೆಲ್ಲ ಸೇರಿ ಪರಿಶೀಲಿಸಿ, ವರ್ಷ ಮುಗಿಯುವುದರೊಳಗೆ ಸರಿಪಡಿಸಿಕೊಳ್ಳಬೇಕು.