ತೂಕದ ಹೊತ್ತಿಗೆ ಹೋದರೆ ಜನ ಸಿಗ್ತಾರೆ

2011ರ ಜನಗಣತಿಯಲ್ಲಿ ನನ್ನ ಪಾಲಿಗೆ ಬಂದದ್ದು ದಕ್ಷಿಣ ಕೊಡಗಿನ ಸಿದ್ದಾಪುರ ಕಡೆಯ ಒಂದು ಬ್ಲಾಕ್, ಅಂದರೆ ಒಬ್ಬ ಗಣತಿದಾರ ಎಣಿಸಬೇಕಾದ ಮನೆಗಳ ಪ್ರದೇಶ. ಫೆಬ್ರವರಿ 9ರಿಂದ 28ರೊಳಗೆ ಮುಗಿಸಬೇಕು. ಬಯಲುಸೀಮೆಯಲ್ಲಿ ಮೇಷ್ಟ್ರಾಗಿದ್ದ ನಮ್ಮ ಭಾವ, 'ದಿನಕ್ಕೆ ಹದಿನೈದು ಮನೆ ಆರಾಮಾಗಿ ಆಗುತ್ತೆ ಕಣೋ' ಅಂದಿದ್ರು. ಅವರ ಊರಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳು. ನಮ್ಮಲ್ಲಿ ಒಂದೊಂದು ಮನೆಯೂ ಅವರವರ ತೋಟದೊಳಗೆ. ನಡುವೆ ಗದ್ದೆ, ತೋಡು, ಮತ್ತೊಂದು ಏರು. ಹಿಂದಿನ ಬೇಸಿಗೆಯಲ್ಲಿ ಬಾಗಿಲ ಮೇಲೆ ಬರೆದಿದ್ದ ಮನೆ ಸಂಖ್ಯೆಗಳು ಮಳೆಗಾಲಕ್ಕೆ ತೊಳೆದು ಹೋಗಿದ್ದವು. ಮೊದಲ ದಿನ ನಾಲ್ಕೇ ಮನೆ ಆಯ್ತು.

ಸಾಲದ್ದಕ್ಕೆ ರೋಬಸ್ಟಾ ಕಾಫಿ ಕುಯ್ಲಿನ ಕಾಲ. ಹಗಲು ಲೈನ್‌ಮನೆಗಳಿಗೆ, ಅಂದರೆ ತೋಟದ ಕೂಲಿಯವರ ಸಾಲುಮನೆಗಳಿಗೆ, ಹೋದರೆ ಕೋಳಿ, ನಾಯಿ, ಒಂದಿಬ್ಬರು ಮಕ್ಕಳು. ಮೂರನೇ ದಿನ ತೋಟದ ಲೆಕ್ಕ ಬರೆಯುವ ರೈಟರೇ ದಾರಿ ತೋರಿಸಿದ್ರು: 'ನಾಲ್ಕು ಗಂಟೆಗೆ ಕಣಕ್ಕೆ ಬನ್ನಿ ಸಾರ್, ತೂಕಕ್ಕೆ ಎಲ್ಲರೂ ಬರ್ತಾರೆ.' ಅಲ್ಲಿಂದ ಅದೇ ನನ್ನ ಪದ್ಧತಿ. ಹಣ್ಣಿನ ಚೀಲ ತಕ್ಕಡಿಗೆ ಏರುವ ಮುಂಚೆ ಯಾರು ಯಾರ ಜೊತೆ, ಯಾವ ಲೈನು ಅಂತ ಕೇಳಿಕೊಳ್ಳೋದು, ಆಮೇಲೆ ಅವರ ಜೊತೆಗೇ ಲೈನಿಗೆ ಹೋಗಿ 29 ಪ್ರಶ್ನೆ ಮುಗಿಸೋದು, ಕತ್ತಲಾಗುವ ಮುಂಚೆ ರಸ್ತೆ ಸೇರೋದು. ಕತ್ತಲಾದ ಮೇಲೆ ಆ ದಾರಿ ಆನೆಗಳದ್ದು.

ವಯಸ್ಸಿನ ಪ್ರಶ್ನೆಗೆ ಎರವ ಬುಡಕಟ್ಟಿನ ಅಜ್ಜಿಯೊಬ್ಬರು ಎದುರಿನ ಸಿಲ್ವರ್ ಓಕ್ ಮರಗಳನ್ನು ತೋರಿಸಿದ್ರು. ಅವನ್ನು ನೆಟ್ಟ ವರ್ಷ ಅವರಿಗೆ ಮದುವೆಯಂತೆ. ರೈಟರ ಹಳೇ ಪುಸ್ತಕದಲ್ಲಿ ನೆಟ್ಟ ವರ್ಷ ಸಿಕ್ಕಿತು. ಲೆಕ್ಕ ಹಾಕಿ 58 ಅಂತ ಬರೆದೆ. ಆಧಾರ ಅಂದರೆ ಮರವೇ!

ಜಗಳ ಆದದ್ದು ಉದ್ಯೋಗದ ಕಾಲಮ್ಮಿನಲ್ಲಿ. ಗಣತಿಯ ನಿಯಮದ ಪ್ರಕಾರ ಕಾಫಿ, ಟೀ, ರಬ್ಬರು, ತೆಂಗು, ಅಡಿಕೆ 'ಸಾಗುವಳಿ'ಗೆ ಸೇರಲ್ಲ. ಬೆಳೆಗಾರನೂ ಅವನ ತೋಟದ ಕೂಲಿಯವರೂ ಒಂದೇ ಗುಂಪು, 'ಇತರೆ ಕೆಲಸಗಾರರು'. ಇಪ್ಪತ್ತು ಎಕರೆ ತೋಟದ ಯಜಮಾನರೊಬ್ಬರಿಗೆ ಇದನ್ನು ಹೇಳಿದೆ.

'ಅಂದ್ರೆ ನಾನು ರೈತ ಅಲ್ವಾ ಮೇಷ್ಟ್ರೇ?'

'ಗದ್ದೆ ಇದೆಯಾ?'

'ಎರಡು ಎಕರೆ ಇದೆ.'

'ಈ ವರ್ಷ ನಾಟಿ ಮಾಡಿದ್ರಾ?'

'ಎಲ್ಲಿಂದ? ಆನೆ ಬಿಡಬೇಕಲ್ಲ. ಪಾಳು ಬಿಟ್ಟಿದ್ದೀನಿ.'

'ಹಾಗಾದ್ರೆ ಇತರೆಯೇ.' ಕಾಫಿ ಕೊಟ್ಟರು, ಆದರೆ ಸಕ್ಕರೆ ಕೇಳಲಿಲ್ಲ. ಕೊಡಗಿನ ದುಡಿಮೆಯ ಅಂಕಿಗಳನ್ನು ಓದುವಾಗ ಈ ಒಂದು ನಿಯಮ ನೆನಪಿಲ್ಲದಿದ್ದರೆ, ಇಲ್ಲಿ ಬೇಸಾಯವೇ ಕಡಿಮೆ ಅನ್ನೋ ತಪ್ಪು ಚಿತ್ರ ಸಿಗುತ್ತೆ. ಅವರ ಕೋಪ ಸರಿಯೇ ಅನ್ನಿಸುತ್ತೆ ನನಗೆ ಈಗಲೂ.

ಇನ್ನೊಂದು ಮನೆಯಲ್ಲಿ ತಾಯಿಯೊಬ್ಬರೇ. ಇಬ್ಬರು ಮಕ್ಕಳು ಬೆಂಗಳೂರಲ್ಲಿ. 'ಅವರ ಕೋಣೆ ಹಾಗೇ ಇದೆ, ಹೆಸರು ಬರಕೊಳ್ಳಿ' ಅಂದ್ರು. ಆ ಇಪ್ಪತ್ತು ದಿನದಲ್ಲಿ ಒಮ್ಮೆಯೂ ಬರದವರನ್ನು ಇಲ್ಲಿ ಬರೆಯುವಂತಿಲ್ಲ. ಅವರ ತೋಟದಂಚಿನ ಲೈನಿನಲ್ಲಿ ಕುಯ್ಲಿಗೆ ಬಂದಿದ್ದ ಪಿರಿಯಾಪಟ್ಟಣ, ಹುಣಸೂರು ಕಡೆಯ ಹನ್ನೊಂದು ಮಂದಿಯನ್ನು ಮಾತ್ರ ಬರೆದುಕೊಂಡೆ. ಆ ತಾಯಿ ಕಿಟಕಿಯಿಂದ ನೋಡ್ತಾ ಇದ್ರು.

ಆಮೇಲೆ ಜಿಲ್ಲೆಯ ಲೆಕ್ಕ ಬಂತು: 5,54,519. ಹತ್ತು ವರ್ಷದ ಹಿಂದೆ 5,48,561 ಇತ್ತು. 4,102 ಚದರ ಕಿಲೋಮೀಟರಿನ ಜಿಲ್ಲೆಯಲ್ಲಿ ದಶಕಕ್ಕೆ ಆರು ಸಾವಿರವೂ ಹೆಚ್ಚಿಲ್ಲ. ಸಾವಿರ ಗಂಡಸರಿಗೆ 1,019 ಹೆಂಗಸರು.

ಮಾರ್ಚ್ 1ರಿಂದ 5ರವರೆಗೆ ಮರುಭೇಟಿ. ನಾಲ್ಕನೇ ತಾರೀಕು ಆ ಹನ್ನೊಂದು ಮಂದಿಯ ಲೈನಿಗೆ ಹೋದರೆ ಬೀಗ. ಕುಯ್ಲು ಮುಗಿಸಿ ಹಿಂದಿನ ದಿನವೇ ಊರಿಗೆ ಹೋಗಿದ್ದರು. ನಿಯಮದಂತೆ ಹನ್ನೊಂದು ಮಂದಿಯೂ ಲೆಕ್ಕದಲ್ಲಿ ಹಾಗೇ ಉಳಿದರು.