ಬೈ ಟೂ ಕಾಫಿ

ಸ್ತನ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಕೊನೆಯದಾದ ಹದಿನೈದನೇ ರೇಡಿಯೇಷನ್ ಮುಗಿಸಿ ಹೊರಗೆ ಬಂದ ದಿನ ನನಗೆ ಸಂಭ್ರಮ ಅನ್ನಿಸಲೇ ಇಲ್ಲ. ಬಸವನಗುಡಿ ಬರುವವರೆಗೂ ಆಟೋದಲ್ಲಿ ಇಬ್ಬರೂ ಮಾತಾಡಲಿಲ್ಲ. ಸಾರನ್ನ ಉಂಡು ಮಲಗಿದೆವು, ಅಷ್ಟೆ. ಸಂಜೆ ಅತ್ತಿಗೆ ಫೋನ್ ಮಾಡಿ, "ಎಲ್ಲ ಮುಗೀತಲ್ಲ, ಒಂದು ಸತ್ಯನಾರಾಯಣ ಪೂಜೆ ಇಟ್ಕೊಳ್ಳಿ, ಬರ್ತೀವಿ" ಅಂದರು. ಇವರು, "ಸ್ವಲ್ಪ ದಿನ ತಡಿ ಅಕ್ಕ, ಅವಳು ಸುಧಾರಿಸ್ಕೊಳ್ಳಲಿ" ಅಂದುಬಿಟ್ಟರು.

ಸುಧಾರಿಸಿಕೊಳ್ಳಬೇಕಾದವರು ಇವರೂ ಹೌದು. ಆಪರೇಷನ್ ಆದಮೇಲೆ ಗಾಯದಿಂದ ಒಸರುವ ನೀರು ಇಳಿಯುವ ಡ್ರೈನ್ ಬಾಟಲಿಗೆ ದಿನಾ ಎಷ್ಟು ಎಂ.ಎಲ್. ಬಂತು ಅಂತ ಅಳೆದು ನೋಟ್‌ಬುಕ್ಕಿನಲ್ಲಿ ಬರೆದವರು ಇವರೇ. ಆಮೇಲೆ 21 ದಿನಕ್ಕೊಂದರಂತೆ ನಾಲ್ಕು ಸಲ ಕೆಂಪು ಬಣ್ಣದ ಔಷಧಿಯ ಕೀಮೋ, ವಾರಕ್ಕೊಂದರಂತೆ 12 ಸಲ ಪ್ಯಾಕ್ಲಿಟ್ಯಾಕ್ಸೆಲ್ ಅನ್ನುವ ಇನ್ನೊಂದು ಕೀಮೋ. ಜ್ವರ 100.4 ಮುಟ್ಟಿದರೆ ಎಷ್ಟು ಹೊತ್ತಾಗಿದ್ದರೂ ಆಸ್ಪತ್ರೆಗೆ ಬನ್ನಿ ಅಂದಿದ್ದರು. ಆ ಭಯಕ್ಕೆ ಇವರು ನಡುರಾತ್ರಿ ಎದ್ದು ನನ್ನ ಹಣೆ ಮುಟ್ಟಿ ನೋಡುತ್ತಿದ್ದರು. ಚಿಕಿತ್ಸೆ ಮುಗಿದು ಎರಡು ವಾರವಾದರೂ ಅದು ನಿಲ್ಲಲಿಲ್ಲ. ಒಂದು ರಾತ್ರಿ ಆ ಕೈ ಹಿಡಿದುಕೊಂಡು, "ರೀ, ನಂಗೆ ಇನ್ನು ನರ್ಸ್ ಬೇಡ, ನೀವು ಬೇಕು" ಅಂದೆ. ಅಷ್ಟು ತಿಂಗಳು ಕಣ್ಣಲ್ಲಿ ನೀರು ಹಾಕದವರು ಅವತ್ತು ಬಿಕ್ಕಿ ಬಿಕ್ಕಿ ಅತ್ತರು.

ನನ್ನ ಲೆಕ್ಕದಲ್ಲಿ ನಮ್ಮ ಸಂಭ್ರಮ ಶುರುವಾದದ್ದು ಅವತ್ತೇ. ಬೆಳಿಗ್ಗೆ ಊಟದ ಮೇಜಿನ ಮೇಲಿದ್ದ ಫೈಲು, ಥರ್ಮಾಮೀಟರು, ನೋಟ್‌ಬುಕ್ಕು ಎಲ್ಲವನ್ನೂ ಬೀರುವಿಗೆ ಸೇರಿಸಿದೆವು. ಕಾಯಿಲೆಯ ಮಾತು ಇನ್ನು ಬುಧವಾರ ರಾತ್ರಿ ಊಟದ ಮೇಲೆ ಮಾತ್ರ ಅಂತ ಗೊತ್ತುಮಾಡಿಕೊಂಡೆವು. ಭಯ ಹೋಗಿದೆ ಅಂತಲ್ಲ. ಕ್ಯಾನ್ಸರ್ ಮರಳಿ ಬಾರದಿರಲಿ ಅಂತ ಕೊಡುವ ಟ್ಯಾಮಾಕ್ಸಿಫೆನ್ ಮಾತ್ರೆ ಐದು ವರ್ಷ ನುಂಗಬೇಕು, ಮೂರು ತಿಂಗಳಿಗೊಮ್ಮೆ ಡಾಕ್ಟರಿಗೆ ತೋರಿಸಬೇಕು. ಆದರೆ ಭಯಕ್ಕೆ ವಾರದಲ್ಲಿ ಒಂದು ದಿನ ಬಿಟ್ಟುಕೊಟ್ಟ ಮೇಲೆ ಉಳಿದ ಆರು ದಿನ ನಮ್ಮ ಪಾಲಿಗೆ ಬಂದವು.

ಎಲ್ಲಕ್ಕಿಂತ ಕಷ್ಟವಾದದ್ದು ಗಾಯದ ಗುರುತು. ಡ್ರೆಸ್ಸಿಂಗ್ ಬದಲಿಸುವಾಗ ಇವರು ಅದನ್ನು ಎಷ್ಟೋ ಸಲ ನೋಡಿದ್ದರು. ಆಗ ನಾನು ಪೇಷೆಂಟು. ಹೆಂಡತಿಯಾಗಿ ತೋರಿಸಲು ನನಗೆ ಒಂದು ತಿಂಗಳು ಬೇಕಾಯಿತು. ಇವರು ಅವಸರ ಮಾಡಲಿಲ್ಲ. ಬೇರೆ ದಂಪತಿಗಳಿಗೂ ನಾನು ಇದನ್ನೇ ಹೇಳುತ್ತೇನೆ, ಅವಸರ ಮಾಡಬೇಡಿ.

ಭಾನುವಾರ ಬೆಳಿಗ್ಗೆ ಲಾಲ್‌ಬಾಗ್. ಮೊದಲ ವಾರ ಗೇಟಿನ ಹತ್ತಿರದ ಕಲ್ಲುಬೆಂಚಿನವರೆಗೆ ಮಾತ್ರ. ಆರನೇ ವಾರ 300 ಕೋಟಿ ವರ್ಷದ ಆ ಬಂಡೆ ಹತ್ತಿ ಕೆಂಪೇಗೌಡರ ಗೋಪುರದ ಪಕ್ಕ ಕೂತೆವು. ಕೀಮೋದಿಂದ ಜೋಮು ಹಿಡಿದಿದ್ದ ಪಾದಕ್ಕೆ ಬಂಡೆಯ ಬಿಸಿ ತಿಳಿಯಿತು. ಎಷ್ಟು ಖುಷಿಯಾಯಿತು ಅಂದರೆ, ಚಪ್ಪಲಿ ಹಾಕಿಕೊಳ್ಳಲು ಮನಸ್ಸೇ ಬರಲಿಲ್ಲ.

ಕಾರ್ತಿಕದ ಕೊನೇ ಸೋಮವಾರ ಕಡಲೆಕಾಯಿ ಪರಿಷೆ. ಜನಸಂದಣಿಗೆ ಹೋಗಬೇಡಿ ಅನ್ನಿಸಿಕೊಂಡು ತಿಂಗಳುಗಟ್ಟಲೆ ಮನೆಯಲ್ಲಿ ಕೂತವಳಿಗೆ ಆ ನೂಕುನುಗ್ಗಲೇ ಹಬ್ಬ. ಇವರು ಅಭ್ಯಾಸಬಲದಿಂದ ಒಂದು ಮೊಳ ಮಲ್ಲಿಗೆ ಕೊಂಡು, ನನ್ನ ಬೆರಳುದ್ದದ ಕೂದಲು ನೋಡಿ ಸುಮ್ಮನೆ ನಿಂತರು. "ಕೊಡಿ ಇಲ್ಲಿ" ಅಂತ ಇಸಿದುಕೊಂಡು ಬಲಗೈ ಮಣಿಕಟ್ಟಿಗೆ ಸುತ್ತಿಕೊಂಡೆ. ಬಸವಣ್ಣನ ಗುಡಿ ದಾರಿಯುದ್ದಕ್ಕೂ ಹಸಿ ಕಡಲೆಕಾಯಿ ಸುಲಿದು ಇಬ್ಬರೂ ತಿಂದೆವು.

ಅವತ್ತು ಮನೆಗೆ ಬಂದಮೇಲೆ ನನಗೆ ಕಾಫಿ ಬೇಕೆನಿಸಿತು. ಮೊದಲ ಕೀಮೋದಿಂದಲೇ ಡಿಕಾಕ್ಷನ್ ವಾಸನೆಗೆ ಹೊಟ್ಟೆ ತೊಳಸುತ್ತಿತ್ತು, ಹಾಗಾಗಿ ಫಿಲ್ಟರನ್ನು ಮೇಲಿನ ಗೂಡಿಗೆ ಎತ್ತಿಟ್ಟು ಇವರು ಬೀದಿ ಕೊನೆಯ ದರ್ಶಿನಿಯಲ್ಲಿ ಕುಡಿದು ಬರುತ್ತಿದ್ದರು. ಆ ಗೂಡಿನ ಪಕ್ಕದ ಗೋಡೆಯ ಮೇಲೆ ಸಾಲಾಗಿ ಪೆನ್ಸಿಲ್ ಗೆರೆಗಳಿವೆ. ಆಪರೇಷನ್ ಆದ ಕಡೆಯ ಎಡಗೈ ಬೆರಳು ಗೋಡೆಯ ಮೇಲೆ ಹತ್ತಿಸುವ ವ್ಯಾಯಾಮ ಮಾಡುವಾಗ ಎಲ್ಲಿಯವರೆಗೆ ಮುಟ್ಟಿದೆ ಅಂತ ಇವರು ಎಳೆದ ಗೆರೆಗಳು. ಮೊದಲನೆಯದು ನನ್ನ ಭುಜಕ್ಕಿಂತ ಕೆಳಗಿದೆ. ಆ ದಿನ ಎಡಗೈಯನ್ನೇ ಚಾಚಿ ಫಿಲ್ಟರ್ ಇಳಿಸಿದೆ. ಇವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಸಹಾಯಕ್ಕೆ ಬರಲಿಲ್ಲ.

ಒಂದೇ ಲೋಟ ಕಾಫಿ ಬೆರೆಸಿ ಬೈ ಟೂ ಮಾಡಿದೆವು. ಕುಡಿದು ಅತ್ತಿಗೆಗೆ ಫೋನ್ ಹಚ್ಚಿ, ಬರುವ ಹುಣ್ಣಿಮೆಗೆ ಎಲ್ಲರೂ ಬನ್ನಿ ಅಂದೆ.