ಕಾಯಿ ಕಮ್ಮಿ, ಗಸಿ ಮಾತ್ರ ಗಟ್ಟಿ

ನೀರುದೋಸೆಗೆ ಹಿಂದಿನ ದಿನದ ಬಂಗುಡೆ ಗಸಿ, ಅಂದರೆ ತೆಂಗಿನಕಾಯಿ ಅರೆದು ಮಾಡುವ ಮೀನಿನ ಗಟ್ಟಿ ಸಾರು, ಇದ್ದರೆ ನಮ್ಮ ಮನೆಯಲ್ಲಿ ಬೇರೆ ಚಟ್ನಿ ಯಾರೂ ಕೇಳುವುದಿಲ್ಲ. ಅಂಥ ಒಂದು ಸೋಮವಾರ ಬೆಳಿಗ್ಗೆ ಫ್ರಿಜ್ಜಿನಿಂದ ಪಾತ್ರೆ ತೆಗೆದು ಮುಚ್ಚಳ ಎತ್ತಿದೆ. ಗಸಿಯ ಮೇಲೆ ಕಿತ್ತಳೆ ಬಣ್ಣದ ಒಂದು ಪದರ ಕಟ್ಟಿತ್ತು. ಚಮಚದ ತುದಿಯಲ್ಲಿ ಕುಟ್ಟಿದರೆ ಟಕ್ ಅಂತ ಸದ್ದು. ಅಂಚಿನಿಂದ ಮೆಲ್ಲ ಎಬ್ಬಿಸಿದೆ, ಹಪ್ಪಳದ ಹಾಗೆ ತುಂಡು ತುಂಡಾಗಿ ಎದ್ದು ಬಂತು. ಬೆರಳಲ್ಲಿ ಹಿಡಿದದ್ದೇ ತಡ, ಕರಗಿ ಮಣಿಕಟ್ಟಿನವರೆಗೆ ಇಳಿಯಿತು.

ಎಷ್ಟೋ ವರ್ಷದಿಂದ ನೋಡಿದ್ದೇ ಅದು. ಬಿಸಿ ಮಾಡಿದರೆ ಮಾಯವಾಗುತ್ತದೆ, ಅಷ್ಟೇ. ಆದರೆ ಆ ವಾರ ನನ್ನ ರಕ್ತ ಪರೀಕ್ಷೆಯ ಚೀಟಿ ಬಂದಿತ್ತು. ಕೆಟ್ಟ ಕೊಲೆಸ್ಟ್ರಾಲ್ ಅಂತಾರಲ್ಲ, ಎಲ್‌ಡಿಎಲ್, ಅದು 168. ಡಾಕ್ಟರು ಎಣ್ಣೆಯ ಬಗ್ಗೆ ಕೇಳಿದ್ದರು. "ಹುರಿದ ಮೀನು ಬಿಟ್ಟಿದ್ದೇನೆ, ಸಾರು ಮಾತ್ರ ತಿನ್ನುವುದು" ಎಂದು ನಾನು ಗತ್ತಿನಲ್ಲೇ ಹೇಳಿದ್ದೆ. ಕಾಯಿ ಎಷ್ಟು ಹಾಕುತ್ತೀರಿ ಎಂದು ಅವರೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ.

ನಾನು ಕಾಸರಗೋಡು ಜಿಲ್ಲೆಯ ಉಪ್ಪಳದ ಹತ್ತಿರದವನು. ಮೇಷ್ಟ್ರು ಕೆಲಸದಿಂದ ನಿವೃತ್ತಿ ಆದ ಮೇಲೆ ಭಾನುವಾರದ ಅಡುಗೆ ನನ್ನದೇ. ಹಿತ್ತಲಲ್ಲಿ ಏಳು ತೆಂಗಿನ ಮರ ಇರುವ ಮನೆಯಲ್ಲಿ ಕಾಯಿಗೆ ಲೆಕ್ಕ ಇಡುವವರು ಯಾರು? ಅವತ್ತು ಮೊದಲ ಬಾರಿ ತಕ್ಕಡಿ ಇಟ್ಟೆ. ನಮ್ಮ ಮರದ ಅರ್ಧ ಕಾಯಿ ತುರಿದರೆ 130 ಗ್ರಾಂ. ಬಲಿತ ಕಾಯಿಯ ತುರಿಯಲ್ಲಿ ಮೂರನೇ ಒಂದು ಭಾಗ ಬರೀ ಕೊಬ್ಬು. ನಾಲ್ಕು ಜನರ ಗಸಿಗೆ ನಾವು ಹಾಕುತ್ತಿದ್ದದ್ದು ಒಂದು ಇಡೀ ಕಾಯಿ. ಅಂದರೆ ಕಾಯಿಯಿಂದಲೇ ಹತ್ತಿರ ಹತ್ತಿರ 86 ಗ್ರಾಂ. ಮಸಾಲೆ ಹುರಿಯಲು, ನೀರುಳ್ಳಿ ಬಾಡಿಸಲು, ಒಗ್ಗರಣೆಗೆ ಎಂದು ಮೂರು ದೊಡ್ಡ ಚಮಚ ತೆಂಗಿನೆಣ್ಣೆ, ಅದು ಇನ್ನೊಂದು 40. ಒಬ್ಬೊಬ್ಬರ ಪಾಲಿಗೆ 31 ಗ್ರಾಂ ಆಯಿತು. ಮೀನಿನದ್ದು ಬೇರೆ. ಎರಡು ದೊಡ್ಡ ಚಮಚ ಎಣ್ಣೆಯನ್ನು ಹಾಗೇ ಬಾಯಿಗೆ ಸುರಿದುಕೊಂಡರೂ ಇಷ್ಟಾಗುವುದಿಲ್ಲ. ಎಣ್ಣೆಯನ್ನು ಅಷ್ಟು ದಿನ ಬೈದದ್ದು ಸುಮ್ನೆ. ಆಸಾಮಿ ಇದ್ದದ್ದು ಕಾಯಿಯೊಳಗೆ.

ಮುಂದಿನ ಭಾನುವಾರ ಕಾಯಿ ಅರ್ಧಕ್ಕೆ ಇಳಿಸಿ, ಕಡಿಮೆಯಾದಷ್ಟು ನೀರು ಸೇರಿಸಿದೆ. ಎಲ್ಲರೂ ಮೊದಲು ಮಾಡುವ ತಪ್ಪು ಇದೇ ಇರಬೇಕು. ಬಡಿಸಿದರೆ ಅನ್ನದ ಮೇಲೆ ಮಸಾಲೆ ನಿಂತಿತು, ನೀರು ಬಟ್ಟಲಿನ ಅಂಚಿಗೆ ಓಡಿತು. "ಇದು ಗಸಿಯೋ, ಮೀನು ತೊಳೆದ ನೀರೋ?" ಎಂದು ಅಮ್ಮ ಕೇಳಿದರು. ಅವರಿಗೆ ಎಂಬತ್ತಮೂರು ವರ್ಷ, ನಾಲಿಗೆ ಇನ್ನೂ ಇಪ್ಪತ್ತರದ್ದು.

ಆಮೇಲೆ ಮೊಸರು ಹಾಕಿ ನೋಡಿದೆ. ಬಿಸಿಗೆ ಒಡೆದು ತರಿ ತರಿ ಆಯಿತು. ಓಟ್ಸ್ ಪುಡಿ ಹಾಕಿದ ದಿನ ಗಸಿ ಗಟ್ಟಿಯೇನೋ ಆಯಿತು, ಆದರೆ ಬಾಯಲ್ಲಿ ಲೋಳೆ. ಆವತ್ತಿನದ್ದು ಬೆಕ್ಕಿಗೂ ಬೇಡವಾಯಿತು. ಗೋಡಂಬಿ ಅರೆದು ಹಾಕಿ ಅಂತ ಒಬ್ಬರು ಹೇಳಿದರು. ರುಚಿ ಅದ್ಭುತ, ಯಾಕೆ ಅಂತ ಆಮೇಲೆ ಗೊತ್ತಾಯಿತು. ಗೋಡಂಬಿಯಲ್ಲಿ 100 ಗ್ರಾಮಿಗೆ 40 ಗ್ರಾಮಿಗಿಂತ ಜಾಸ್ತಿ ಕೊಬ್ಬು, ಕಾಯಿಯನ್ನೂ ಮೀರಿಸುತ್ತದೆ!

ದಾರಿ ತೋರಿಸಿದ್ದು ಅಮ್ಮನೇ. "ಕಾಯಿ ಕಮ್ಮಿ ಇದ್ದ ಕಾಲದಲ್ಲಿ ನಾವು ಒಂದು ಚಮಚ ಬೆಳ್ತಿಗೆ ಅಕ್ಕಿ ಹಾಕಿ ಕಡೆಯುತ್ತಿದ್ದೆವು. ಕೊತ್ತಂಬರಿ ಒಂದು ಹಿಡಿ ಜಾಸ್ತಿ. ಮತ್ತೆ, ಕಲ್ಲಿನಲ್ಲಿ ಕಡೆಯುವವರ ಕೈ ಸೋಲಬೇಕು ಮಗ, ಅಲ್ಲಿವರೆಗೆ ಬಿಡಬಾರದು." ಇದನ್ನು ನಾಲ್ಕು ವಾರ ಮೊದಲೇ ಹೇಳಬಹುದಿತ್ತು, ಅಲ್ವಾ? ನಾನು ಕೇಳಿರಲಿಲ್ಲವಂತೆ.

ಈಗ ನಾನು ಮಾಡುವುದು ಹೀಗೆ. ನಾಲ್ಕು ಜನರಿಗೆ ಆರು ಮಧ್ಯಮ ಗಾತ್ರದ ಬಂಗುಡೆ. ಕಾಯಿ ತುರಿ 60 ಗ್ರಾಂ, ಕೈಯಲ್ಲಿ ಎರಡು ಹಿಡಿ. ಬನ್ನಂಗಾಯಿ ಸಿಕ್ಕಿದರೆ ಅದೇ ಒಳ್ಳೆಯದು, ಎಳೆಯದರಲ್ಲಿ ಎಣ್ಣೆಯ ಅಂಶ ಕಮ್ಮಿ, ಅರೆಯುವುದಕ್ಕೂ ಮೆತ್ತಗೆ. ಒಂದು ಚಮಚ ಬೆಳ್ತಿಗೆ ಅಕ್ಕಿಯನ್ನು, ಅಂದರೆ ಬಿಳಿ ಅಕ್ಕಿಯನ್ನು, ಮೊದಲೇ ಅರ್ಧ ಗಂಟೆ ನೆನೆಹಾಕಿರುತ್ತೇನೆ. ಕಬ್ಬಿಣದ ಬಾಣಲೆಯಲ್ಲಿ ಎಣ್ಣೆ ಇಲ್ಲದೆ, ಸಣ್ಣ ಉರಿಯಲ್ಲಿ, ಎರಡು ದೊಡ್ಡ ಚಮಚ ಕೊತ್ತಂಬರಿ, ಅರ್ಧ ಚಮಚ ಜೀರಿಗೆ, ಆರು ಕಾಳುಮೆಣಸು, ಎಂಟು ಹತ್ತು ಕಾಳು ಮೆಂತೆ ಬೇರೆ ಬೇರೆಯಾಗಿ ಹುರಿಯುತ್ತೇನೆ. ಮೆಂತೆ ಕೆಂಪಾದ ಕೂಡಲೇ ಇಳಿಸಬೇಕು, ಕಪ್ಪಾದರೆ ಇಡೀ ಗಸಿ ಕಹಿ. ಎಣ್ಣೆ ಇಲ್ಲದೆ ಹುರಿಯುವಾಗ ಕೈ ನಿಲ್ಲಿಸುವ ಹಾಗಿಲ್ಲ, ಫೋನು ಬಂದರೂ ಬಿಡಬೇಕು. ಕೊನೆಗೆ ಮೆಣಸು. ಇದರ ಜೊತೆ ಒಂದು ಚಿಟಿಕೆ ಓಮ, ನಾಲ್ಕು ಎಸಳು ಬೆಳ್ಳುಳ್ಳಿ, ಅರ್ಧ ನೀರುಳ್ಳಿ, ಅರಿಶಿನ, ನೆಲ್ಲಿಕಾಯಿ ಗಾತ್ರದ ಹುಳಿ.

ಮೆಣಸಿನ ವಿಷಯದಲ್ಲಿ ನಾನು ಚೆನ್ನಾಗಿ ಪೆಟ್ಟು ತಿಂದೆ. ಮೊದಲು ಹದಿನಾಲ್ಕು ಮೆಣಸು ಹಾಕುವುದು ರೂಢಿ. ಕಾಯಿ ಇಳಿಸಿ ಅಷ್ಟೇ ಮೆಣಸು ಹಾಕಿದ ದಿನ ಮೊಮ್ಮಗಳು ಅತ್ತೇ ಬಿಟ್ಟಳು. ಮೆಣಸಿನ ಖಾರ ಕೊಬ್ಬಿನಲ್ಲಿ ಕರಗುವಂಥದ್ದು, ನೀರಿನಲ್ಲಿ ಅಲ್ಲ. ಕಾಯಿ ಜಾಸ್ತಿ ಇದ್ದಾಗ ಅದು ಖಾರವನ್ನು ಹಿಡಿದಿಟ್ಟುಕೊಳ್ಳುತ್ತದೆ, ಕಾಯಿ ಕಮ್ಮಿಯಾದರೆ ಖಾರ ನೇರ ನಾಲಿಗೆಗೇ ಬರುತ್ತದೆ. ಹುಳಿ ಉಪ್ಪು ಕೂಡ ಹಾಗೇ, ಎದ್ದು ಕಾಣುತ್ತವೆ. ಹಾಗಾಗಿ ಈಗ ಏಳು ಬ್ಯಾಡಗಿ, ಎರಡೇ ಎರಡು ಕುಮ್ಟೆ ಮೆಣಸು. ಬಣ್ಣಕ್ಕೆ ಬ್ಯಾಡಗಿ ಸಾಕು. ಮೊದಲಿನಷ್ಟು ಕೆಂಪು ಮಾತ್ರ ಬರುವುದಿಲ್ಲ, ಆ ಬಣ್ಣವೂ ಎಣ್ಣೆಯಲ್ಲೇ ಬಿಡುವಂಥದ್ದು.

ಇನ್ನು ಅರೆಯುವುದು. ಮಿಕ್ಸಿಯಲ್ಲಿ ಒಂದೇ ಸಮನೆ ಓಡಿಸಿದರೆ ಮಸಾಲೆ ಬಿಸಿಯಾಗುತ್ತದೆ. ಅರ್ಧ ನಿಮಿಷ ಓಡಿಸಿ ನಿಲ್ಲಿಸುತ್ತೇನೆ, ಬದಿಗೆ ಹತ್ತಿದ್ದನ್ನು ಕೆಳಗಿಳಿಸುತ್ತೇನೆ, ಎರಡು ಚಮಚ ನೀರು, ಮತ್ತೆ ಅರ್ಧ ನಿಮಿಷ. ಹೀಗೆ ಏಳೆಂಟು ಸಲ. ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ಉಜ್ಜಿದರೆ ಗಂಧದ ಹಾಗೆ ಜಾರಬೇಕು. ಒಂದು ತರಿ ಸಿಕ್ಕಿದರೂ ಇನ್ನೊಂದು ಸುತ್ತು. ತರಿ ತರಿಯಾಗಿ ಅರೆದ ಒಂದು ಕಾಯಿಗಿಂತ ನುಣ್ಣಗೆ ಅರೆದ ಕಾಲು ಕಾಯಿ ಗಸಿಯನ್ನು ಚೆನ್ನಾಗಿ ಹಿಡಿಯುತ್ತದೆ. ಅಕ್ಕಿ ಕುದಿಯುವಾಗ ಉಬ್ಬಿ ನೀರನ್ನು ಕಟ್ಟಿಹಾಕುತ್ತದೆ, ಕೊತ್ತಂಬರಿಯ ಸಿಪ್ಪೆಯೂ ನೀರು ಕುಡಿಯುತ್ತದೆ. ಮಸಾಲೆ ಒಂದು ಕಡೆ ನೀರು ಒಂದು ಕಡೆ ಆಗುವ ತೊಂದರೆ ಅಲ್ಲಿಗೆ ಮುಗಿಯಿತು.

ಮಣ್ಣಿನ ಚಟ್ಟಿಯಲ್ಲಿ ಒಂದು ಸಣ್ಣ ಚಮಚ ತೆಂಗಿನೆಣ್ಣೆ, ಉಳಿದ ಅರ್ಧ ನೀರುಳ್ಳಿ, ಶುಂಠಿ, ಸೀಳಿದ ಹಸಿಮೆಣಸು. ತಳ ಹಿಡಿಯುತ್ತದೆ ಅನ್ನಿಸಿದಾಗ ಎಣ್ಣೆ ಅಲ್ಲ, ಎರಡು ಚಮಚ ನೀರು ಚಿಮುಕಿಸುವುದು. ಅರೆದ ಮಸಾಲೆ ಹಾಕಿ ಹತ್ತು ನಿಮಿಷ ಚೆನ್ನಾಗಿ ಕುದಿಸಬೇಕು. ಅಕ್ಕಿ ಬೇಯಬೇಕಲ್ಲ, ಇಲ್ಲಿ ಅವಸರ ಮಾಡಿದರೆ ಹಿಟ್ಟಿನ ವಾಸನೆ ಉಳಿಯುತ್ತದೆ. ಆಮೇಲೆ ಮೀನು ಇಳಿಸಿ ಸಣ್ಣ ಉರಿಯಲ್ಲಿ ಆರು ನಿಮಿಷ. ಸೌಟು ಹಾಕುವ ಹಾಗಿಲ್ಲ, ಚಟ್ಟಿಯನ್ನು ಬಟ್ಟೆಯಲ್ಲಿ ಹಿಡಿದು ಒಂದು ಸುತ್ತು ತಿರುಗಿಸಿದರೆ ಸಾಕು. ಒಲೆ ಆರಿಸಿದ ಮೇಲೂ ಚಟ್ಟಿ ಎರಡು ಮೂರು ನಿಮಿಷ ಕುದಿಯುತ್ತಲೇ ಇರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿದು ಬೇಗ ಆರಿಸುತ್ತೇನೆ.

ಕೊನೆಗೆ ಇನ್ನೊಂದು ಸಣ್ಣ ಚಮಚ ಹಸಿ ತೆಂಗಿನೆಣ್ಣೆ ಮೇಲಿನಿಂದ ಬಿಟ್ಟು, ಕರಿಬೇವಿನೆಲೆಯನ್ನು ಕೈಯಲ್ಲಿ ಹಿಸುಕಿ ಹಾಕಿ, ಮುಚ್ಚಿ ಹತ್ತು ನಿಮಿಷ ಬಿಡುವುದು. ಒಗ್ಗರಣೆಗೆ ಎರಡು ದೊಡ್ಡ ಚಮಚ ಸುರಿದಾಗ ಬರುತ್ತಿದ್ದ ಪರಿಮಳ ಈ ಒಂದು ಚಮಚದಲ್ಲೇ ಬರುತ್ತದೆ. ಕಾದು ಹೊಗೆಯಾಡದ ಎಣ್ಣೆಯಲ್ಲಿ ಪರಿಮಳ ಹಾಗೇ ಉಳಿದಿರುತ್ತದೆ. ನೆರೆಮನೆಯ ಮಲಯಾಳಿ ಅಕ್ಕನಿಂದ ಕಲಿತದ್ದು ಇದು, ಅವರ ಮನೆಯಲ್ಲಿ ಮೊದಲಿಂದಲೂ ಹೀಗೆಯೇ.

ಈಗ ಲೆಕ್ಕ ಹಾಕಿದರೆ ಕಾಯಿಯಿಂದ 20 ಗ್ರಾಂ, ಎಣ್ಣೆಯಿಂದ 9. ಒಬ್ಬರಿಗೆ ಏಳು ಗ್ರಾಂ ಚಿಲ್ಲರೆ.

ಮೀನಿನ ಕೊಬ್ಬನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ, ಅದು ಬೇರೆ ಜಾತಿಯದ್ದು, ಒಮೆಗಾ 3 ಇರುವಂಥದ್ದು. ಬೆಳಿಗ್ಗೆ ಎಂಟೂವರೆಗೆ ಸ್ಕೂಟರಿನಲ್ಲಿ ಹಾರ್ನ್ ಹೊಡೆಯುತ್ತಾ ಮೀನಿನವನು ಬರುತ್ತಾನೆ. ನನ್ನ ಬಳಿ ಕಲಿತ ಹುಡುಗ. "ಮಾಷ್ಟ್ರೇ, ಇವತ್ತು ಮತ್ತಿ ತಕ್ಕೊಳ್ಳಿ, ನೆಯ್ ಉಂಟು" ಎನ್ನುತ್ತಾನೆ. ಅವನ ಮತ್ತಿ ನಮ್ಮ ಮನೆಯೊಳಗೆ ಬಂದ ಕೂಡಲೇ ತುಳುವಿನ ಬೂತಾಯಿ ಆಗುತ್ತದೆ, ಎದುರು ಮನೆಯ ಕೊಂಕಣಿಯವರಿಗೆ ತಾರ್ಲೆ. ಮಳೆಗಾಲ ಕಳೆದ ಮೇಲಿನ ಬೂತಾಯಿಯಲ್ಲಿ ನಿಜವಾಗಿಯೂ ನೆಯ್ ಜಾಸ್ತಿ, ಬೇಯುವಾಗಲೇ ಗಸಿಯ ಮೇಲೆ ತೇಲುತ್ತದೆ. ಅದು ಇದ್ದ ದಿನ ನಾನು ಎಣ್ಣೆಯ ಬಾಟ್ಲಿ ಮುಟ್ಟುವುದೇ ಇಲ್ಲ.

ಬೂತಾಯಿಗೆ ಕಾಯಿಯೂ ಬೇಡ, ಪುಳಿಮುಂಚಿಯೇ ಸರಿ. ಹುಳಿ, ಮೆಣಸು, ಕೊತ್ತಂಬರಿ, ಶುಂಠಿ, ಬೆಳ್ಳುಳ್ಳಿ, ಮುಗಿಯಿತು. ಓಟ್ಸು, ಮೊಸರು ಅಂತ ಒಂದು ತಿಂಗಳು ಪರದಾಡಿದೆನಲ್ಲ, ಕಾಯಿ ಇಲ್ಲದ ಮೀನಿನ ಪದಾರ್ಥ ನಮ್ಮ ತುಳುವರ ಮನೆಯಲ್ಲೇ ಕೂತಿತ್ತು. ಅದನ್ನು ಯಾರೂ ಪಥ್ಯ ಅಂತ ಕರೆಯದ ಕಾರಣ ನನ್ನ ತಲೆಗೆ ಬರಲಿಲ್ಲ. ಒಂದೇ ಎಚ್ಚರಿಕೆ, ಪುಳಿಮುಂಚಿ ಒಂದು ರಾತ್ರಿ ಕೂರಬೇಕು. ಮಾಡಿದ ದಿನ ಹುಳಿಯೇ ಮುಂದೆ ಬರುತ್ತದೆ, ಮರುದಿನ ಮೀನಿನೊಳಗೆ ಇಳಿದಿರುತ್ತದೆ.

ಮಳೆಗಾಲದ ಕಥೆ ಬೇರೆ. ನಮ್ಮ ಕೇರಳದ ಕಡಲಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲ್ ಬೋಟು ಇಳಿಯುವುದಿಲ್ಲ. ತಲಪಾಡಿ ದಾಟಿದರೆ ಕರ್ನಾಟಕದಲ್ಲಿ ಜೂನ್ 1ರಿಂದಲೇ ನಿಷೇಧ. ಸಣ್ಣ ದೋಣಿಯವರು ತಂದದ್ದಕ್ಕೆ ಚಿನ್ನದ ರೇಟು. ಆಗ ನಮ್ಮಲ್ಲಿ ಹೊಳೆ ಸಿಗಡಿ ಮತ್ತು ಚಪ್ಪರದ ಬಸಳೆ. ಸಿಗಡಿಯಲ್ಲಿ 100 ಗ್ರಾಮಿಗೆ ಕೊಬ್ಬು ಒಂದು ಗ್ರಾಂ ಆಸುಪಾಸು, ಕೊಲೆಸ್ಟ್ರಾಲ್ ಮಾತ್ರ ಇದೆ. ಹಾಗಾಗಿ ಡಾಕ್ಟರನ್ನು ಕೇಳಿಯೇ ವಾರಕ್ಕೊಂದು ಸಲ ಎಂದು ಇಟ್ಟುಕೊಂಡಿದ್ದೇನೆ. ತಲೆ, ಸಿಪ್ಪೆ ಎಸೆಯುವುದಿಲ್ಲ. ಚೆನ್ನಾಗಿ ತೊಳೆದು ಎರಡು ಲೋಟ ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಸೋಸಿದ ನೀರನ್ನೇ ಪದಾರ್ಥಕ್ಕೆ ಬಳಸುವುದು. ರುಚಿಯ ಅರ್ಧ ಅಲ್ಲೇ ಇದೆ. ಬಸಳೆ ದಂಟು ಬೆಂದು ಬಿಡುವ ಲೋಳೆ ಗಸಿಯನ್ನು ತಾನೇ ಗಟ್ಟಿ ಮಾಡುತ್ತದೆ. ಓಟ್ಸಿನ ಲೋಳೆಗೆ ಮುಖ ಸಿಂಡರಿಸಿದ ಅಮ್ಮ ಇದನ್ನು ಎರಡು ಸಲ ಹಾಕಿಸಿಕೊಳ್ಳುತ್ತಾರೆ, ಆ ನ್ಯಾಯ ನನಗೆ ಅರ್ಥವಾಗಿಲ್ಲ. ಸಿಗಡಿಯನ್ನು ಕಟ್ಟಕಡೆಗೆ ಹಾಕಿ, ಸುರುಟಿಕೊಂಡ ಕೂಡಲೇ ಇಳಿಸಿ. ಜಾಸ್ತಿ ಬೆಂದರೆ ರಬ್ಬರು.

ಐದು ತಿಂಗಳ ನಂತರದ ಚೀಟಿಯಲ್ಲಿ ಎಲ್‌ಡಿಎಲ್ 139 ಇತ್ತು. ಮೀನು ಸಾರಿನಿಂದಲೇ ಅಂತ ಹೇಳುವ ಧೈರ್ಯ ನನಗಿಲ್ಲ. ಸಂಜೆಯ ಬನ್ಸ್ ಬಿಟ್ಟಿದ್ದೇನೆ, ಬೆಳಿಗ್ಗೆ ರೈಲ್ವೆ ಸ್ಟೇಷನ್ನಿನವರೆಗೆ ನಡೆಯುತ್ತೇನೆ. ಫ್ರಿಜ್ಜಿನಲ್ಲಿಟ್ಟ ಗಸಿಯ ಮೇಲೆ ಈಗ ಹಪ್ಪಳ ಕಟ್ಟುವುದಿಲ್ಲ, ಅಲ್ಲಲ್ಲಿ ಸಾಸಿವೆಯಷ್ಟು ದೊಡ್ಡ ಚುಕ್ಕೆಗಳು ಮಾತ್ರ.

ಮರುವಾಯಿ ಅಂದರೆ ಚಿಪ್ಪುಮೀನು, ಅದರ ಸುಕ್ಕದಲ್ಲಿ ಮಾತ್ರ ನಾನು ಸೋತಿದ್ದೇನೆ. ಎರಡು ಸಲ ಕಾಯಿ ಕಮ್ಮಿ ಮಾಡಿ ನೋಡಿದೆ. ಅಕ್ಕಿ, ಕೊತ್ತಂಬರಿ ಯಾವುದೂ ಅಲ್ಲಿ ಉಪಯೋಗಕ್ಕೆ ಬರಲಿಲ್ಲ, ಒಣ ಪದಾರ್ಥಕ್ಕೆ ಕಾಯಿ ತುರಿಯೇ ಮೈ. ಮರುವಾಯಿ ಬಂದ ದಿನ ಪೂರ್ತಿ ಕಾಯಿಯೇ ಬೀಳುತ್ತದೆ. ನನ್ನ ಬಟ್ಟಲಿಗೆ ಮೂರು ಚಮಚ ಅಂತ ಹೆಂಡತಿ ಗೆರೆ ಹಾಕಿದ್ದಾಳೆ. ಚಿಪ್ಪುಗಳನ್ನು ಬಟ್ಟಲ ಬದಿಯಲ್ಲಿ ಇಡುವುದು ರೂಢಿ ನೋಡಿ, ಊಟ ಮುಗಿದ ಮೇಲೆ ಅವಳು ಅದನ್ನು ಎಣಿಸುತ್ತಾಳೆ.